ಎದೆಬಡಿತದ ಏರುಪೇರು: ಮುಂದಿನ ತಪಾಸಣೆ ಯಾವಾಗ ಅಗತ್ಯ?

ತೊಗರಿಯ ಆವಕ ಆರಂಭವಾಯಿತೆಂದರೆ ಕಲಬುರಗಿಯ ಗಂಜ್ ಪ್ರದೇಶದಲ್ಲಿ ವರ್ತಕರಿಗೆ ಊಟ-ನಿದ್ರೆಗಳ ಹೊತ್ತು ತಪ್ಪುತ್ತದೆ. ದರದ ಏರಿಳಿತ, ಬಾಕಿ ವಸೂಲಿ, ಬ್ಯಾಂಕಿನ ಕಂತು, ದಾಲ್ ಮಿಲ್ಲಿನ ಕಾರ್ಮಿಕರ ಕೊರತೆ ಮುಂತಾದ ಚಿಂತೆಗಳ ನಡುವೆ ದಿನಕ್ಕೆ ಎಂಟು-ಹತ್ತು ಕಪ್ ಚಹಾ ಒಳಗೆ ಹೋಗುತ್ತದೆ. ಇಂತಹ ದಿನಗಳಲ್ಲಿಯೇ "ಎದಿ ಧಡಧಡ ಅನ್ಲಕತ್ತದ" ಎಂಬ ದೂರು ಅಂಗಡಿಗಳಲ್ಲಿ, ಮನೆಗಳಲ್ಲಿ ಕೇಳಿಬರುವುದು. ಈ ದೂರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳಿವೆ. ಒಂದು, "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಸುಮ್ಮನಾಗುವುದು. ಇನ್ನೊಂದು, ಹೃದಯಾಘಾತವೇ ಆಯಿತೆಂದು ಹೆದರಿ ಸಿಕ್ಕ ಪರೀಕ್ಷೆಗಳನ್ನೆಲ್ಲ ಮಾಡಿಸುವುದು. ಇವೆರಡೂ ಸರಿಯಾದ ಮಾರ್ಗವಲ್ಲ.

2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ನೂಕುನುಗ್ಗಲು ಉಂಟಾದದ್ದು ಎಲ್ಲರಿಗೂ ತಿಳಿದ ಸಂಗತಿ. ರಾಜ್ಯ ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ರಚಿಸಿ ಅಧ್ಯಯನ ಮಾಡಿಸಿತು. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂತಹ ಪರಿಚಿತ ಕಾರಣಗಳೇ ಮೃತರಲ್ಲಿ ಅನೇಕರಲ್ಲಿ ಕಂಡುಬಂದವು. ಭಯದಿಂದ ಸಾಲಿನಲ್ಲಿ ನಿಂತವರಲ್ಲಿ ಬಹುಮಂದಿಗೆ ಆ ಪರೀಕ್ಷೆ ಬೇಕಾಗಿರಲಿಕ್ಕಿಲ್ಲ. ಬೇಕಾಗಿದ್ದ ಕೆಲವರು ಮನೆಯಲ್ಲಿಯೇ ಉಳಿದಿರಲೂಬಹುದು. ಆದ್ದರಿಂದ ಯಾರಿಗೆ, ಯಾವಾಗ, ಯಾವ ಪರೀಕ್ಷೆ ಎಂಬ ತಿಳಿವಳಿಕೆ ನಮ್ಮ ಸದಸ್ಯ ಬಾಂಧವರಿಗೂ ಅವರ ಕುಟುಂಬದವರಿಗೂ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಎದೆಬಡಿತದ ಅರಿವು ಎಂದರೇನು?

ನಿಮಿಷಕ್ಕೆ 72 ಸಲ ಮಿಡಿಯುವ ಹೃದಯವು ಒಂದು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಈ ದುಡಿಮೆ ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಬಡಿತವು ವೇಗವಾದಾಗ, ಬಲವಾದಾಗ ಅಥವಾ ಲಯ ತಪ್ಪಿದಾಗ ಮಾತ್ರ ಅದು ಅರಿವಿಗೆ ಬರುತ್ತದೆ. ಈ ಅರಿವು ಒಂದು ಲಕ್ಷಣವೇ ಹೊರತು ಅದೇ ಒಂದು ರೋಗವಲ್ಲ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಚಿಕ್ಕದೊಂದು ಕೇಂದ್ರದಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಅದು ನಿಗದಿತ ದಾರಿಯಲ್ಲಿ ಸಾಗಿ ಕೆಳಕೋಣೆಗಳನ್ನು ತಲುಪಿದಾಗ ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡುತ್ತದೆ. ಕೆಲವೊಮ್ಮೆ ಬೇರೆ ಜಾಗದಿಂದ ಅವಧಿಗೆ ಮುನ್ನವೇ ಒಂದು ಸಂಕೇತ ಹೊರಡುವುದುಂಟು. ಆಗ ಅಕಾಲದ ಬಡಿತವೊಂದು ಬಂದು, ಅದರ ಹಿಂದೆಯೇ ಕ್ಷಣಕಾಲದ ವಿರಾಮ ಉಂಟಾಗಿ, ಮುಂದಿನ ಬಡಿತ ಜೋರಾಗಿ ಬರುತ್ತದೆ. "ಬಡಿತ ಒಮ್ಮೆ ನಿಂತು ಎದೆಯ ಮೇಲೆ ಗುದ್ದಿದಂತಾಯಿತು" ಎಂದು ಜನರು ಹೇಳುವುದು ಇದನ್ನೇ. ಆರೋಗ್ಯವಂತರ ಹೃದಯಬಡಿತವನ್ನು ಇಡೀ ದಿನ ದಾಖಲಿಸಿ ನೋಡಿದರೂ ಇಂತಹ ಬಿಡಿ ಬಡಿತಗಳು ಅಲ್ಲೊಂದು ಇಲ್ಲೊಂದು ಕಂಡುಬರುವುದು ಸಾಮಾನ್ಯ. ಹೃದಯದ ರಚನೆ ಸರಿಯಾಗಿದ್ದರೆ ಇವುಗಳಿಂದ ಅಪಾಯ ಅತಿ ವಿರಳ.

ಹೃದಯದ ಹೊರಗಿನ ಕಾರಣಗಳು

ಹೃದಯ ಆರೋಗ್ಯವಾಗಿಯೇ ಇದ್ದು, ದೇಹದ ಬೇರೆಡೆಯ ಕಾರಣದಿಂದ ಅದು ವೇಗವಾಗಿ ಓಡಬೇಕಾದ ಸಂದರ್ಭಗಳು ಅನೇಕ. ರಕ್ತಹೀನತೆ ಅವುಗಳಲ್ಲಿ ಮುಖ್ಯವಾದುದು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದಾಗ ದೇಹಕ್ಕೆ ಬೇಕಾದ ಆಮ್ಲಜನಕ ಪೂರೈಸಲು ಹೃದಯವು ಹೆಚ್ಚು ಸಲ ಮಿಡಿಯುತ್ತದೆ. ನಮ್ಮ ಭಾಗದ ಮಹಿಳೆಯರಲ್ಲಿ ಎದೆಬಡಿತದ ದೂರು ಬಂದಾಗ ಮೊದಲು ನೋಡಬೇಕಾದುದು ಇದನ್ನೇ. ಥೈರಾಯ್ಡ್ ಗ್ರಂಥಿಯು ಅತಿಯಾಗಿ ಕೆಲಸ ಮಾಡುವುದು, ಜ್ವರ, ಗರ್ಭಾವಸ್ಥೆ, ಮಧುಮೇಹದ ಔಷಧಿಯಿಂದ ಸಕ್ಕರೆಯ ಅಂಶ ಹಠಾತ್ತನೆ ಇಳಿಯುವುದು, ತೀವ್ರ ಆತಂಕ ಇವೂ ಇದೇ ಸಾಲಿಗೆ ಸೇರುತ್ತವೆ.

ಏಪ್ರಿಲ್-ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿಯನ್ನು ಮೀರುತ್ತದೆ. ಗೋದಾಮುಗಳಲ್ಲಿ, ಮಿಲ್ಲುಗಳಲ್ಲಿ ದುಡಿಯುವ ಹಮಾಲರು ಬೆವರಿನ ಮೂಲಕ ನೀರು ಮತ್ತು ಲವಣಗಳನ್ನು ಕಳೆದುಕೊಳ್ಳುತ್ತಾರೆ. ದೇಹದಲ್ಲಿ ನೀರಿನ ಅಂಶ ಇಳಿದಾಗ ಹೃದಯಬಡಿತ ಏರುತ್ತದೆ. ಚಹಾ, ಕಾಫಿ, ಬೀಡಿ-ಸಿಗರೇಟು, ತಂಬಾಕು-ಸುಣ್ಣ, ಮದ್ಯ, ನಿದ್ರಾಭಂಗ ಇವು ಬಡಿತವನ್ನು ಕೆರಳಿಸುವ ನಿತ್ಯದ ವಸ್ತುಗಳು. ದಮ್ಮಿಗೆ ಬಳಸುವ ಇನ್‌ಹೇಲರ್, ಕೆಲವು ನೆಗಡಿಯ ಮಾತ್ರೆಗಳು, ಪ್ರಮಾಣ ಹೆಚ್ಚಾದ ಥೈರಾಯ್ಡ್ ಮಾತ್ರೆ ಇವುಗಳಿಂದಲೂ ಎದೆ ಡವಗುಟ್ಟಬಹುದು. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಿಗಳ ಚೀಟಿಯನ್ನು ಕೊಂಡೊಯ್ಯುವುದು ಒಳಿತು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಪೊಟ್ಯಾಸಿಯಂ ಅಂಶ ಕಡಿಮೆಯಾಗಿ ಹೃದಯದ ಲಯ ತಪ್ಪಬಹುದು. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆಯೆಂದು ಕೇಳಿ, ದಿನಕ್ಕೆ ನಾಲ್ಕಾರು ಹಣ್ಣು ತಿಂದು ಸರಿಪಡಿಸಿಕೊಳ್ಳುವೆವೆಂದು ಹೊರಡುವವರಿದ್ದಾರೆ. ಕಮಲಾಪುರದ ಕೆಂಪು ಬಾಳೆ ನಮ್ಮ ಜಿಲ್ಲೆಯ ಹೆಮ್ಮೆಯ ಬೆಳೆ ನಿಜ. ಆದರೆ ಅದು ಚಿಕಿತ್ಸೆಯಲ್ಲ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ಹೆಚ್ಚಾಗುವುದು ಕಡಿಮೆಯಾಗುವುದಕ್ಕಿಂತಲೂ ಅಪಾಯಕಾರಿ. ಸರಳವಾದ ರಕ್ತಪರೀಕ್ಷೆಯೊಂದರಿಂದ ಇದನ್ನು ತಿಳಿಯಬಹುದಾಗಿರುವಾಗ ಊಹೆಯ ಮೇಲೆ ನಡೆಯಬೇಕಾಗಿಲ್ಲ.

ಲಯವೇ ತಪ್ಪಿದಾಗ

ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿಯೇ ದೋಷವಿರುವ ಸ್ಥಿತಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು, ಮೇಲ್ಕೋಣೆಗಳ ಮಟ್ಟದಲ್ಲಿ ಹೆಚ್ಚುವರಿ ವಿದ್ಯುತ್ ದಾರಿಯೊಂದು ಇದ್ದು, ಸಂಕೇತವು ಸುತ್ತುತ್ತಲೇ ಇರುವುದು. ಇದರಲ್ಲಿ ಬಡಿತವು ಗುಂಡಿ ಒತ್ತಿದಂತೆ ಒಮ್ಮೆಲೇ ಆರಂಭವಾಗಿ ನಿಮಿಷಕ್ಕೆ 150ರಿಂದ 220ರವರೆಗೆ ಏರುತ್ತದೆ ಮತ್ತು ಅಷ್ಟೇ ಹಠಾತ್ತಾಗಿ ನಿಲ್ಲುತ್ತದೆ. ತಾಳ ಮಾತ್ರ ಒಂದೇ ಸಮನಾಗಿರುತ್ತದೆ. ಯುವಕರಲ್ಲಿಯೂ ಇದು ಕಂಡುಬರುತ್ತದೆ. ಆತಂಕದಿಂದ ಬರುವ ಬಡಿತ ಸಾಮಾನ್ಯವಾಗಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಈ ವ್ಯತ್ಯಾಸವನ್ನು ರೋಗಿಯೇ ಗುರುತಿಸಿ ಹೇಳಿದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಈ ತೊಂದರೆಗೆ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ತಂತಿ ಸೇರಿಸಿ ಹೆಚ್ಚುವರಿ ದಾರಿಯನ್ನು ಸುಟ್ಟುಹಾಕುವ ಅಬ್ಲೇಶನ್ ಚಿಕಿತ್ಸೆ ಬಹುಪಾಲು ರೋಗಿಗಳಲ್ಲಿ ಶಾಶ್ವತ ಪರಿಹಾರ ನೀಡುತ್ತದೆ.

ಎರಡನೆಯದು, ಏಟ್ರಿಯಲ್ ಫಿಬ್ರಿಲೇಶನ್. ಇಲ್ಲಿ ಮೇಲ್ಕೋಣೆಗಳು ಸಂಕುಚಿಸುವ ಬದಲು ಕಂಪಿಸುತ್ತವೆ. ನಾಡಿಯು ಯಾವ ತಾಳಕ್ಕೂ ಸಿಗದಂತೆ ಅಡ್ಡಾದಿಡ್ಡಿಯಾಗಿರುತ್ತದೆ. ವಯಸ್ಸು, ರಕ್ತದೊತ್ತಡ, ಮಧುಮೇಹ, ಬೊಜ್ಜು, ಮದ್ಯಪಾನ ಇದಕ್ಕೆ ಕಾರಣಗಳು. ಬಾಲ್ಯದಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕಿರಿದಾದವರಲ್ಲಿ ಇದು ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇದರ ನಿಜವಾದ ಅಪಾಯ ಎದೆಬಡಿತಕ್ಕಿಂತ ಹೆಚ್ಚಾಗಿ ಮೆದುಳಿನಲ್ಲಿದೆ. ಕಂಪಿಸುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಈ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಸಕಾಲದಲ್ಲಿ ಪತ್ತೆಯಾದರೆ, ಅಗತ್ಯವಿರುವವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಟ್ಟು ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದು. ಎದೆಬಡಿತದ ದೂರನ್ನು ಅಲಕ್ಷಿಸಬಾರದೆಂದು ಹೇಳಲು ಇದೊಂದೇ ಕಾರಣ ಸಾಕು.

ಮೂರನೆಯದು, ಕೆಳಕೋಣೆಗಳಿಂದ ಹುಟ್ಟುವ ವೇಗದ ಬಡಿತ. ಹಿಂದೆ ಹೃದಯಾಘಾತವಾದವರು, ಹೃದಯದ ಸ್ನಾಯು ದುರ್ಬಲವಾದವರು ಹಾಗೂ ಅನುವಂಶಿಕ ದೋಷವುಳ್ಳ ಕೆಲವರಲ್ಲಿ ಇದು ಬರುತ್ತದೆ. ಪ್ರಾಣಾಪಾಯದ ಸಂಭವ ಹೆಚ್ಚಿರುವುದು ಈ ಬಗೆಯಲ್ಲಿ.

ಯಾವಾಗ ತಡಮಾಡಬಾರದು?

ಬಡಿತ ಎಷ್ಟು ಜೋರಾಗಿತ್ತು ಎಂಬುದಕ್ಕಿಂತ ಅದರ ಜೊತೆಯಲ್ಲಿ ಏನು ಬಂತು ಎಂಬುದು ಮುಖ್ಯ. ಕೆಳಗಿನ ಸಂದರ್ಭಗಳಲ್ಲಿ ಸ್ವತಃ ವಾಹನ ಚಲಾಯಿಸದೆ, ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆ ಸೇರಬೇಕು:

1. ಎದೆಬಡಿತದೊಂದಿಗೆ ಪ್ರಜ್ಞೆ ತಪ್ಪುವುದು ಅಥವಾ ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು.
2. ಎದೆನೋವು, ಎದೆ ಬಿಗಿತ, ನೋವು ತೋಳು ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು.
3. ಕುಳಿತಲ್ಲಿಯೇ ಏದುಸಿರು ಬರುವುದು.
4. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು.
5. ವಿಶ್ರಾಂತಿಯಲ್ಲಿದ್ದರೂ ಅತಿವೇಗದ ಬಡಿತ ನಿಲ್ಲದೆ ಮುಂದುವರಿಯುವುದು.

ತುರ್ತಲ್ಲದಿದ್ದರೂ ಕೆಲವೇ ದಿನಗಳೊಳಗೆ ತಜ್ಞರನ್ನು ಕಂಡು ಮುಂದಿನ ತಪಾಸಣೆ ಮಾಡಿಸಿಕೊಳ್ಳಬೇಕಾದವರು:

1. ಓಡುವಾಗ, ಭಾರ ಹೊರುವಾಗ, ಮೆಟ್ಟಿಲು ಹತ್ತುವಾಗ, ಅಂದರೆ ಶ್ರಮದ ನಡುವೆಯೇ ಲಯ ತಪ್ಪಿದ ಅನುಭವವಾಗುವವರು.
2. ಕುಟುಂಬದಲ್ಲಿ 40 ವರ್ಷದೊಳಗೆ ಯಾರಾದರೂ ಹಠಾತ್ತನೆ ಮೃತರಾಗಿದ್ದಲ್ಲಿ.
3. ಈ ಹಿಂದೆ ಹೃದಯಾಘಾತ, ಕವಾಟದ ರೋಗ, ಹೃದಯದ ಶಸ್ತ್ರಚಿಕಿತ್ಸೆ ಅಥವಾ ಹೃದಯ ದೌರ್ಬಲ್ಯ ಇದ್ದವರು.
4. ಇಸಿಜಿಯಲ್ಲಿ ದೋಷ ಕಂಡುಬಂದವರು.
5. ನಾಡಿ ಹಿಡಿದು ನೋಡಿದಾಗ ಬಡಿತ ಅಡ್ಡಾದಿಡ್ಡಿಯಾಗಿರುವವರು. ವಿಶೇಷವಾಗಿ 60 ದಾಟಿದವರು.
6. ಹಠಾತ್ತನೆ ಆರಂಭವಾಗಿ ಹಠಾತ್ತನೆ ನಿಲ್ಲುವ ವೇಗದ ಬಡಿತ ಮತ್ತೆ ಮತ್ತೆ ಬರುವವರು.

ಇವು ಯಾವುವೂ ಇಲ್ಲದೆ, ಆಗೊಮ್ಮೆ ಈಗೊಮ್ಮೆ ಒಂದೆರಡು ಬಡಿತ ತಪ್ಪಿದಂತಾಗಿ ಕ್ಷಣದಲ್ಲಿ ಸರಿಹೋಗುತ್ತಿದ್ದರೆ, ವೈದ್ಯರ ಒಂದು ಭೇಟಿ, ಒಂದು ಇಸಿಜಿ ಮತ್ತು ಕೆಲವು ರಕ್ತಪರೀಕ್ಷೆಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಎಲ್ಲವೂ ಸರಿಯಾಗಿದ್ದಲ್ಲಿ ಮುಂದಿನ ಪರೀಕ್ಷೆಗಳ ಅಗತ್ಯವಿರುವುದಿಲ್ಲ.

ದಾರಿಯಲ್ಲಿ ಕಳೆದುಹೋಗುವ ಸಾಕ್ಷ್ಯ

ಎದೆಬಡಿತದ ದೂರಿನಲ್ಲಿ ಇಸಿಜಿಯೇ ಮೂಲ ಪರೀಕ್ಷೆ. ಆದರೆ ಅದಕ್ಕೊಂದು ಮಿತಿಯಿದೆ. ಹನ್ನೆರಡು ಕೋನಗಳಿಂದ ತೆಗೆಯುವ ಸಾಮಾನ್ಯ ಇಸಿಜಿಯು ಕೆಲವೇ ಸೆಕೆಂಡುಗಳ ಹೃದಯದ ಚಟುವಟಿಕೆಯನ್ನು ದಾಖಲಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ಬಂದು ಹೋದ ತೊಂದರೆಯನ್ನು ಹತ್ತು ಗಂಟೆಯ ಇಸಿಜಿ ಹೇಳಲಾರದು.

ಉದಾಹರಣೆಗೆ, ಕಮಲಾಪುರದ ಕಿರಾಣಿ ವರ್ತಕರೊಬ್ಬರಿಗೆ ಮುಂಜಾನೆ ಅಂಗಡಿಯ ಬಾಗಿಲು ತೆರೆಯುವಾಗ ಎದೆ ಡವಗುಟ್ಟತೊಡಗಿತೆಂದು ಭಾವಿಸೋಣ. ನೋವಿಲ್ಲ, ಉಸಿರಾಟ ಸರಾಗವಾಗಿದೆ. ದೊಡ್ಡ ಆಸ್ಪತ್ರೆಯೇ ಲೇಸೆಂದು ಮಗನೊಂದಿಗೆ ವಾಹನದಲ್ಲಿ ಸುಮಾರು 35 ಕಿಲೋಮೀಟರ್ ದೂರದ ಕಲಬುರಗಿಗೆ ಹೊರಡುತ್ತಾರೆ. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಬಡಿತ ಶಾಂತವಾಗಿರುತ್ತದೆ. ನಗರದಲ್ಲಿ ಸರದಿ ಕಾದು ತೆಗೆಸಿದ ಇಸಿಜಿ ಸರಿಯಾಗಿದೆ. "ಏನೂ ಇಲ್ಲ" ಎಂಬ ಮಾತು ಕೇಳಿ ಮರಳುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಅದೇ ಕಥೆ ಪುನರಾವರ್ತನೆಯಾಗುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ. ರೋಗದ ಸಾಕ್ಷ್ಯ ದಾರಿಯಲ್ಲಿ ಕಳೆದುಹೋಗಿದೆ ಅಷ್ಟೆ.

ಆದ್ದರಿಂದ ಬಡಿತದ ತೊಂದರೆ ನಡೆಯುತ್ತಿರುವಾಗಲೇ ಇಸಿಜಿ ತೆಗೆಸುವುದು ಎಲ್ಲಕ್ಕಿಂತ ಮುಖ್ಯವಾದ ಸೂತ್ರ. ಇಸಿಜಿ ಯಂತ್ರ ಎಲ್ಲಿ ಹತ್ತಿರದಲ್ಲಿದೆಯೋ, ಅದು ಸರ್ಕಾರಿ ಆಸ್ಪತ್ರೆಯಾಗಿರಲಿ, ಖಾಸಗಿ ಚಿಕಿತ್ಸಾಲಯವಾಗಿರಲಿ, ಮೊದಲು ಅಲ್ಲಿಗೆ ಹೋಗಬೇಕು. ಆ ಒಂದು ಕಾಗದವನ್ನು ಪಡೆದು, ಅದರ ಪ್ರತಿ ಮಾಡಿಸಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಬಳಿಕ ತಜ್ಞರನ್ನು ಕಾಣಬೇಕು. ತೊಂದರೆಯ ವೇಳೆ ತೆಗೆದ ಇಸಿಜಿಯ ಒಂದು ಹಾಳೆ, ತೊಂದರೆ ಇಲ್ಲದಾಗ ಮಾಡಿಸಿದ ಹತ್ತು ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಹತ್ತಿರದಲ್ಲಿ ಇಸಿಜಿ ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂಬುದನ್ನು ತಾಲ್ಲೂಕು ಮತ್ತು ಹೋಬಳಿ ಮಟ್ಟದ ಪ್ರತಿ ವರ್ತಕರೂ ಮುಂಚಿತವಾಗಿ ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಇಸಿಜಿ ಸಿಗದಿದ್ದರೂ ಮಾಡಬಹುದಾದ ಕೆಲಸವಿದೆ. ಮಣಿಕಟ್ಟಿನ ಬಳಿ ಹೆಬ್ಬೆರಳ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಬಡಿತ ತಿಳಿಯುತ್ತದೆ. ತಾಳ ಅಡ್ಡಾದಿಡ್ಡಿಯಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರೂ ವೈದ್ಯರಿಗೆ ಸುಳಿವು ಸಿಗುತ್ತದೆ. ದಿನಾಂಕ, ಸಮಯ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಅದಕ್ಕೂ ಮುನ್ನ ಏನು ಸೇವಿಸಿದ್ದಿರಿ, ಹೇಗೆ ಆರಂಭವಾಗಿ ಹೇಗೆ ನಿಂತಿತು ಎಂಬುದನ್ನು ರೋಜಿನ ಖಾತೆ ಬರೆಯುವಂತೆಯೇ ಬರೆದಿಡಬೇಕು.

ಯಾರಿಗೆ ಯಾವ ಪರೀಕ್ಷೆ?

ಮೊದಲ ಹಂತದಲ್ಲಿ ಇಸಿಜಿಯೊಂದಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸೋಡಿಯಂ-ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆಗಳನ್ನು ವೈದ್ಯರು ಸೂಚಿಸುತ್ತಾರೆ. ಮೇಲೆ ಹೇಳಿದ ಅಪಾಯ ಸೂಚನೆಗಳಿದ್ದಲ್ಲಿ ಮುಂದಿನ ಹಂತ ಆರಂಭವಾಗುತ್ತದೆ.

ಎಕೋ: ಶಬ್ದತರಂಗಗಳ ಮೂಲಕ ಹೃದಯದ ರಚನೆ, ಕವಾಟಗಳು ಮತ್ತು ಪಂಪಿನ ಶಕ್ತಿಯನ್ನು ಇದು ತೋರಿಸುತ್ತದೆ. ಲಯದ ದೋಷವನ್ನು ಇದು ಹಿಡಿಯಲಾರದು. ಆದರೆ ಹೃದಯದ ರಚನೆ ಸರಿಯಿದೆಯೆಂದು ತಿಳಿಯುವುದೇ ಅಪಾಯದ ಅಳತೆಗೆ ಮುಖ್ಯ ಆಧಾರ.

ಹೋಲ್ಟರ್: 24ರಿಂದ 48 ಗಂಟೆಗಳ ಕಾಲ ನಿರಂತರವಾಗಿ ಇಸಿಜಿ ದಾಖಲಿಸುವ ಚಿಕ್ಕ ಯಂತ್ರವಿದು. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಇದರ ಮೊದಲ ರೂಪವನ್ನು ತಯಾರಿಸಿದಾಗ ಅದನ್ನು ಬೆನ್ನಿಗೆ ಹೊರಬೇಕಾಗಿತ್ತು, ತೂಕ ಸುಮಾರು 38 ಕಿಲೋ! ಇಂದು ಅದು ಜೇಬಿಗಿಂತ ಚಿಕ್ಕದಾಗಿದೆ. ಪ್ರತಿದಿನ ಅಥವಾ ದಿನಬಿಟ್ಟು ದಿನ ತೊಂದರೆ ಬರುವವರಿಗೆ ಇದು ಸೂಕ್ತ. ಯಂತ್ರ ಕಟ್ಟಿಕೊಂಡ ದಿನ ಮನೆಯಲ್ಲಿ ಮಲಗದೆ, ಎಂದಿನಂತೆ ಅಂಗಡಿ, ಮಿಲ್ಲುಗಳ ಕೆಲಸ ಮಾಡಬೇಕು. ಇಲ್ಲವಾದರೆ ಪರೀಕ್ಷೆಯ ಉದ್ದೇಶವೇ ವ್ಯರ್ಥ. ಬಿಡಿ ಬಡಿತಗಳು ಒಟ್ಟು ಬಡಿತದಲ್ಲಿ ಶೇಕಡಾ ಎಷ್ಟಿವೆ ಎಂಬುದನ್ನೂ ಇದು ಎಣಿಸುತ್ತದೆ. ಕೆಳಕೋಣೆಯ ಅಕಾಲದ ಬಡಿತಗಳು ಶೇ. 10ಕ್ಕಿಂತ ಹೆಚ್ಚಿದ್ದರೆ ಕಾಲಾನಂತರದಲ್ಲಿ ಹೃದಯ ದುರ್ಬಲವಾಗುವ ಸಂಭವವಿರುವುದರಿಂದ ನಿಗಾ ಬೇಕಾಗುತ್ತದೆ.

ದೀರ್ಘಾವಧಿಯ ದಾಖಲೆ: ವಾರಕ್ಕೋ ತಿಂಗಳಿಗೋ ಒಮ್ಮೆ ಬರುವ ತೊಂದರೆಗೆ 24 ಗಂಟೆಯ ಹೋಲ್ಟರ್ ಸಾಲದು. ಎದೆಗೆ ಅಂಟಿಸಿಕೊಳ್ಳುವ ಪಟ್ಟಿ ಅಥವಾ ತೊಂದರೆ ಬಂದಾಗ ಗುಂಡಿ ಒತ್ತುವ ಯಂತ್ರವನ್ನು ಒಂದೆರಡು ವಾರ ಇಲ್ಲವೇ ಅದಕ್ಕಿಂತ ಹೆಚ್ಚು ಕಾಲ ಬಳಸಬೇಕಾಗುತ್ತದೆ. ಅಪರೂಪಕ್ಕೆ ಬಂದರೂ ಪ್ರಜ್ಞೆ ತಪ್ಪಿಸುವಂತಹ ತೊಂದರೆಯಿದ್ದಲ್ಲಿ, ಚರ್ಮದ ಕೆಳಗೆ ಇರಿಸಿ ವರ್ಷಗಟ್ಟಲೆ ದಾಖಲಿಸುವ ಪುಟ್ಟ ಸಾಧನವೂ ಇದೆ.

ಟ್ರೆಡ್‌ಮಿಲ್: ಶ್ರಮದ ವೇಳೆ ತೊಂದರೆ ಬರುವವರಿಗೆ ವೈದ್ಯರ ಸಮ್ಮುಖದಲ್ಲಿ ನಡೆಸಿ ನೋಡುವ ಪರೀಕ್ಷೆ.

ವಿದ್ಯುತ್ ಪಥದ ಅಧ್ಯಯನ: ಹೃದಯದೊಳಗೆ ತಂತಿ ಸೇರಿಸಿ ದೋಷದ ಮೂಲ ಹುಡುಕುವ ಪರೀಕ್ಷೆ. ಅಬ್ಲೇಶನ್ ಚಿಕಿತ್ಸೆಗೆ ಮುನ್ನ ಹಾಗೂ ಆಯ್ದ ಕೆಲವರಿಗೆ ಮಾತ್ರ.

ಕೆಲವರು ಎದೆಬಡಿತದ ದೂರಿಗೆ ನೇರವಾಗಿ ಆಂಜಿಯೋಗ್ರಾಂ ಮಾಡಿಸಲು ಹೊರಡುತ್ತಾರೆ. ಅದು ರಕ್ತನಾಳಗಳ ಅಡಚಣೆ ನೋಡುವ ಪರೀಕ್ಷೆ. ಮನೆಗೆ ವಿದ್ಯುತ್ ಏರುಪೇರಾದಾಗ ನೀರಿನ ಕೊಳವೆ ಪರೀಕ್ಷಿಸಿದಂತೆ, ಬೇರೆ ಸೂಚನೆಗಳಿಲ್ಲದೆ ಇದನ್ನು ಮಾಡಿಸುವುದರಿಂದ ಲಯದ ದೋಷ ತಿಳಿಯದು. ಕೈಗಡಿಯಾರದ ರೂಪದ ಸಾಧನಗಳು ಕೆಲವೊಮ್ಮೆ ಉಪಯುಕ್ತ ದಾಖಲೆ ಒದಗಿಸುತ್ತವೆ. ಆದರೆ ಅವು ಹೇಳಿದ್ದು ಅಂತಿಮವಲ್ಲ. ಅವುಗಳ ಎಚ್ಚರಿಕೆಯನ್ನು ಪೂರ್ಣ ಇಸಿಜಿಯಿಂದ ದೃಢಪಡಿಸಿಕೊಳ್ಳಬೇಕು. ಪ್ರತಿ ಅರ್ಧ ಗಂಟೆಗೊಮ್ಮೆ ಗಡಿಯಾರ ನೋಡುತ್ತ ಆತಂಕ ಹೆಚ್ಚಿಸಿಕೊಂಡರೆ ಬಡಿತವೂ ಹೆಚ್ಚುತ್ತದೆ.

ನಮ್ಮ ಭಾಗದ ಸೌಲಭ್ಯಗಳು

ಹೃದಯದ ಉನ್ನತ ತಪಾಸಣೆಗಾಗಿ ಹೈದರಾಬಾದ್, ಸೊಲ್ಲಾಪುರ ಅಥವಾ ಬೆಂಗಳೂರಿಗೆ ಹೋಗುವುದು ನಮ್ಮ ಭಾಗದವರಿಗೆ ಬಹುಕಾಲ ಅನಿವಾರ್ಯವಾಗಿತ್ತು. ಈಗ ಸ್ಥಿತಿ ಬದಲಾಗಿದೆ. ಜಯದೇವ ಹೃದ್ರೋಗ ಸಂಸ್ಥೆಯ ಕಲಬುರಗಿ ಶಾಖೆಯ 371 ಹಾಸಿಗೆಗಳ ನೂತನ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು; ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿದ ಸಂವಿಧಾನದ 371(ಜೆ) ವಿಧಿಯನ್ನು ಆ ಸಂಖ್ಯೆ ನೆನಪಿಸುತ್ತದೆ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಬಸವೇಶ್ವರ ಆಸ್ಪತ್ರೆ ಹಾಗೂ ಸೇಡಂ ರಸ್ತೆಯ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ನಗರದಲ್ಲಿರುವ ಇತರ ದೊಡ್ಡ ಆಸ್ಪತ್ರೆಗಳು. ಹೃದಯಾಘಾತದ ಶಂಕೆಯಿದ್ದಲ್ಲಿ ತಾಲ್ಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು, ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡುವ ಉದ್ದೇಶದಿಂದ ರಾಜ್ಯ ಸರ್ಕಾರವು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು.

ಉದ್ಯಮಿಗಳು ತಮ್ಮಲ್ಲಿ ದುಡಿಯುವವರ ಕುರಿತೂ ಕಾಳಜಿ ವಹಿಸಬೇಕಾಗಿದೆ. ಇಎಸ್‌ಐ ವ್ಯಾಪ್ತಿಗೆ ಬರುವ ಕಾರ್ಮಿಕರ ನೋಂದಣಿ ಸಕಾಲದಲ್ಲಿ ಆಗಿದ್ದರೆ ತಪಾಸಣೆಯ ವೆಚ್ಚ ಅವರಿಗೆ ಹೊರೆಯಾಗುವುದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರು, ನೆರಳು, ವಿಶ್ರಾಂತಿಯ ವ್ಯವಸ್ಥೆ ಮಾಡಬೇಕು. ಮೂಟೆ ಹೊರುವಾಗ ತಲೆಸುತ್ತಿ ಬಿದ್ದ ಕಾರ್ಮಿಕನನ್ನು ನೀರು ಚಿಮುಕಿಸಿ ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚದೆ, ಅಂದೇ ಇಸಿಜಿ ಮಾಡಿಸುವುದು ಮಾಲೀಕರ ಕರ್ತವ್ಯ. ಶ್ರಮದ ನಡುವೆ ಪ್ರಜ್ಞೆ ತಪ್ಪುವುದು ಮೇಲೆ ಹೇಳಿದ ಸೂಚನೆಗಳಲ್ಲಿ ಅತ್ಯಂತ ಗಂಭೀರವಾದುದು.

ಕೊನೆಯದಾಗಿ, ಎಲ್ಲ ಪರೀಕ್ಷೆಗಳೂ ಸರಿಯಾಗಿವೆ ಎಂದು ವೈದ್ಯರು ಹೇಳಿದ ಮೇಲೆ ಆ ಮಾತನ್ನು ನಂಬಬೇಕು. ಚಹಾ-ತಂಬಾಕು ತಗ್ಗಿಸಿ, ಹೊತ್ತಿಗೆ ಸರಿಯಾಗಿ ಊಟ-ನಿದ್ರೆ ಮಾಡಿ, ನೀರು ಸಾಕಷ್ಟು ಕುಡಿದು ಕೆಲವು ವಾರ ನೋಡಬೇಕು. ಲಕ್ಷಣದ ಸ್ವರೂಪ ಬದಲಾದರೆ, ಅಂದರೆ ಹೆಚ್ಚು ಹೊತ್ತು ಉಳಿಯತೊಡಗಿದರೆ, ಶ್ರಮದಲ್ಲಿ ಬರತೊಡಗಿದರೆ, ತಲೆಸುತ್ತು ಜೊತೆಗೂಡಿದರೆ, ಹಳೆಯ ವರದಿ ಸರಿಯಿತ್ತೆಂದು ಕೂರದೆ ಮತ್ತೆ ವೈದ್ಯರನ್ನು ಕಾಣಬೇಕು. ವ್ಯಾಪಾರದಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ತಾಳೆ ನೋಡುವ ನಾವು, ವೈದ್ಯರಿಗೆ ತೋರಿಸಲು ಬೇಕಾದ ಇಸಿಜಿ ಹಾಳೆಗಳನ್ನೂ ಔಷಧಿಯ ಚೀಟಿಗಳನ್ನೂ ಒಂದೇ ಕಡತದಲ್ಲಿ ಕ್ರಮವಾಗಿ ಜೋಡಿಸಿಟ್ಟುಕೊಳ್ಳುವುದು ಇಂದಿನಿಂದಲೇ ಮಾಡಬಹುದಾದ ಕೆಲಸ.